ಕಾರಿನ ಪೆಟ್ರೋಲು ಉಕ್ಕಿದರೆ

ಬೆಳಗಿನ ಜಾವ. ಅಜ್ಜಿಗೆ ಜ್ವರ. ಆಸ್ಪತ್ರೆಗೆ ಹೊರಡಬೇಕು. ಮನೆ ಮುಂದೆ ಹಳೆಯ ಅಂಬಾಸಿಡರ್ ಕಾರು ನಿಂತಿದೆ. ಕೀಲಿ ತಿರುಗಿಸಿದರೆ ಗರ್ ಗರ್ ಅನ್ನುತ್ತದೆ. ಆದರೆ ಎಂಜಿನ್ ಹೊತ್ತಿಕೊಳ್ಳುವುದಿಲ್ಲ. ಪೆಟ್ರೋಲಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಏನಾಗಿದೆ?

ಕಾರ್ಬ್ಯುರೇಟರ್ ಉಕ್ಕಿದೆ. ಮೆಕ್ಯಾನಿಕ್‌ಗಳು ಇದನ್ನು ‘ಓವರ್ ಫ್ಲೋ’ ಅಂತಾರೆ.

ಹೆಸರು ಉದ್ದವಾಯಿತು ಅಲ್ವೆ? ಬಿಡಿಸಿ ಓದೋಣ. ಕಾ-ರ್ಬ್ಯು-ರೇ-ಟರ್. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವುದು ಇದರ ಕೆಲಸ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಈಗಿನ ಹೊಸ ಕಾರುಗಳಲ್ಲಿ ಕಾರ್ಬ್ಯುರೇಟರ್ ಇಲ್ಲ. ಹಳೆಯ ಗಾಡಿ ಇಟ್ಟುಕೊಂಡವರು ಮಾತ್ರ ಇದನ್ನು ತಿಳಿದಿರಬೇಕು.

ಒಲೆಯನ್ನು ನೆನೆಸಿಕೊಳ್ಳಿ. ಸೌದೆ ತುರುಕಿದರೆ ಉರಿ ಬರುವುದಿಲ್ಲ, ಬರೀ ಹೊಗೆ. ಊದುಕೊಳವೆಯಿಂದ ಊದಿದರೆ ಉರಿಯುತ್ತದೆ. ಎಂಜಿನ್ ಕೂಡ ಹಾಗೇ. 1 ಕಿಲೋ ಪೆಟ್ರೋಲು ಉರಿಯಲು ಸುಮಾರು 15 ಕಿಲೋ ಗಾಳಿ ಬೇಕು. ಪೆಟ್ರೋಲು ಹೆಚ್ಚಾದರೆ ಪ್ಲಗ್ ಒದ್ದೆಯಾಗುತ್ತದೆ. ಕಿಡಿ ಹಾರುವುದಿಲ್ಲ. ಗಾಡಿ ಓಡುತ್ತಿದ್ದರೆ ಕಪ್ಪು ಹೊಗೆ ಬರುತ್ತದೆ.

ಯಾಕೆ ಉಕ್ಕುತ್ತದೆ?

ಮನೆ ಮೇಲಿನ ನೀರಿನ ಟ್ಯಾಂಕ್ ನೋಡಿದ್ದೀರಿ. ನೀರು ತುಂಬಿದಾಗ ತೇಲುವ ಚೆಂಡು ಮೇಲೇರಿ ನೀರನ್ನು ನಿಲ್ಲಿಸುತ್ತದೆ. ಕಾರ್ಬ್ಯುರೇಟರ್ ಒಳಗೂ ಒಂದು ಪುಟ್ಟ ಬಟ್ಟಲಿದೆ. ಅದರಲ್ಲಿ ತೇಲುವುದು ‘ಫ್ಲೋಟ್’. ಬಟ್ಟಲು ತುಂಬಿದಾಗ ಫ್ಲೋಟ್ ಒಂದು ಸೂಜಿಯನ್ನು ಮೇಲಕ್ಕೆ ಒತ್ತುತ್ತದೆ. ಸೂಜಿ ಪೆಟ್ರೋಲಿನ ದಾರಿಯನ್ನು ಮುಚ್ಚುತ್ತದೆ.

ಸೂಜಿಯ ಬಾಯಲ್ಲಿ ಕಸ ಸಿಕ್ಕಿದರೆ ದಾರಿ ಮುಚ್ಚುವುದಿಲ್ಲ. ಸೂಜಿ ಸವೆದರೂ ಅಷ್ಟೇ. ಫ್ಲೋಟ್ ತೂತಾದರೆ ಒಳಗೆ ಪೆಟ್ರೋಲು ತುಂಬಿ ಅದು ಮುಳುಗುತ್ತದೆ. ಕೆಲವು ಸಲ ತಪ್ಪು ನಮ್ಮದೇ. ಚೋಕ್ ಎಳೆದು ಮತ್ತೆ ಮತ್ತೆ ಪೆಡಲ್ ಒತ್ತುತ್ತೇವೆ. ಆಗಲೂ ಎಂಜಿನ್‌ಗೆ ಪೆಟ್ರೋಲು ಹೆಚ್ಚಾಗುತ್ತದೆ.

ನಾವು ಏನು ಮಾಡಬಹುದು?

1. ಮೊದಲು ಬೀಡಿ, ಬೆಂಕಿಕಡ್ಡಿ ದೂರವಿಡಿ. ಕತ್ತಲಿದ್ದರೂ ಕಡ್ಡಿ ಗೀರಿ ನೋಡಬೇಡಿ.

2. ಬಾನೆಟ್ ಎತ್ತಿ ನೋಡಿ. ಪೆಟ್ರೋಲು ಹೊರಗೆ ತೊಟ್ಟಿಕ್ಕುತ್ತಿದೆಯೆ? ಹಾಗಾದರೆ ಕೀಲಿ ಮುಟ್ಟಲೇಬೇಡಿ. ಒಂದು ಕಿಡಿ ಸಾಕು, ಗಾಡಿ ಹೊತ್ತಿ ಉರಿಯುತ್ತದೆ. ಮೆಕ್ಯಾನಿಕ್ ಕರೆಸಿ. ಅಜ್ಜಿಯನ್ನು ಬೇರೆ ಗಾಡಿಯಲ್ಲಿ ಕರೆದೊಯ್ಯಿರಿ.

3. ತೊಟ್ಟಿಕ್ಕುತ್ತಿಲ್ಲವೆ? ಹತ್ತು ನಿಮಿಷ ಸುಮ್ಮನೆ ಬಿಡಿ. ಚೋಕ್ ಒಳಗೆ ತಳ್ಳಿ. ಆಕ್ಸಿಲರೇಟರ್ ಪೆಡಲನ್ನು ಪೂರಾ ಒತ್ತಿ ಹಿಡಿಯಿರಿ, ಪಂಪ್ ಮಾಡಬೇಡಿ. ಹಾಗೇ ಹಿಡಿದು ಐದಾರು ಸೆಕೆಂಡು ಸೆಲ್ಫ್ ಹೊಡೆಯಿರಿ. ಗಾಳಿ ಒಳಗೆ ನುಗ್ಗಿ ಹೆಚ್ಚಿನ ಪೆಟ್ರೋಲು ಹೊರಹೋಗುತ್ತದೆ. ಎಂಜಿನ್ ಹೊತ್ತಿದ ಕೂಡಲೇ ಪೆಡಲ್ ಸಡಿಲಿಸಿ.

4. ಎರಡು ಮೂರು ಸಲಕ್ಕೂ ಆಗದಿದ್ದರೆ ನಿಲ್ಲಿಸಿ. ಇಲ್ಲವಾದರೆ ಬ್ಯಾಟರಿ ಇಳಿಯುತ್ತದೆ. ಪ್ಲಗ್ ಬಿಚ್ಚಿ, ಬಟ್ಟೆಯಿಂದ ಒರೆಸಿ, ಗಾಳಿಗೆ ಒಣಗಿಸಿ ಹಾಕಿ. ಬೆಂಕಿಗೆ ಹಿಡಿಯಬೇಡಿ.

ಪದೇ ಪದೇ ಉಕ್ಕುತ್ತಿದ್ದರೆ ಬಟ್ಟಲು ಬಿಚ್ಚಿಸಿ ತೊಳೆಸಬೇಕು. ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಗುಳುಗುಳು ಸದ್ದು ಬಂದರೆ ತೂತಾಗಿದೆ ಅಂತ ಅರ್ಥ. ಅದಕ್ಕೆ ಬೆಸುಗೆ ಹಾಕಿಸಲು ಹೋಗಬೇಡಿ. ಒಳಗಿನ ಪೆಟ್ರೋಲು ಸಿಡಿಯಬಹುದು. ಹೊಸದು ಹಾಕಿಸಿ. ಎಂಜಿನ್ ಆಯಿಲನ್ನೂ ಮೂಸಿ ನೋಡಿ. ಪೆಟ್ರೋಲಿನ ವಾಸನೆ ಇದ್ದರೆ ಆಯಿಲ್ ಬದಲಿಸಿ. ತೆಳುವಾದ ಆಯಿಲ್ ಎಂಜಿನ್ನನ್ನು ಸವೆಸುತ್ತದೆ.

ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಕಣ್ಣಿಗೆ ಕಾಣದೆ ನೆಲದ ಮೇಲೆ ಹರಡುತ್ತದೆ. ಅದಕ್ಕೇ ಈ ಕೆಲಸವನ್ನು ಬಯಲಲ್ಲಿ ಮಾಡೋಣ. ಒಂದು ಬಕೆಟ್ ಮರಳು ಪಕ್ಕದಲ್ಲಿರಲಿ. ಗಾಡಿ ತಡವಾಗಿ ಹೊರಟರೂ ಚಿಂತೆಯಿಲ್ಲ, ಜೀವ ಮೊದಲು.