ಅರ್ಧಕ್ಕರ್ಧ ಜಡ್ಜ್‌ಗಳನ್ನು ಮನೆಗೆ ಕಳಿಸಿದ ಅಲ್ಬೇನಿಯಾ

2016ರ ಜುಲೈ. ಅಲ್ಬೇನಿಯಾ ಸಂಸತ್ತಿನ 140 ಸದಸ್ಯರೂ ಒಂದೇ ಸಂವಿಧಾನ ತಿದ್ದುಪಡಿಗೆ ಹೂಂ ಅಂದರು. ಒಬ್ಬರ ಮುಖ ಒಬ್ಬರು ನೋಡದ ಪಕ್ಷಗಳು ಒಟ್ಟಾಗಿದ್ದು ಪ್ರೀತಿಯಿಂದಲ್ಲ. ನ್ಯಾಯಾಂಗ ಸರಿಹೋಗದೆ ಯುರೋಪಿಯನ್ ಯೂನಿಯನ್ ಸೇರುವ ಮಾತೇ ಇಲ್ಲ ಅಂತ ಬ್ರಸೆಲ್ಸ್ ಪಟ್ಟು ಹಿಡಿದಿತ್ತು, ವಾಷಿಂಗ್ಟನ್ ಕೂಡ ಒತ್ತಡ ಹಾಕಿತ್ತು.

ಒತ್ತಡದ ಜೊತೆ ನೆರವೂ ಬಂತು. ಯೂನಿಯನ್ ದುಡ್ಡಿನಲ್ಲಿ ನಡೆಯುವ 'ಯುರಾಲಿಯಸ್' ಯೋಜನೆಯ ಕಾನೂನು ತಜ್ಞರು ರಾಜಧಾನಿ ತಿರಾನಾದಲ್ಲಿ ಕೂತು ಕರಡು ತಯಾರಿಸೋಕೆ ಸಹಾಯ ಮಾಡಿದರು. ವೆನಿಸ್ ಆಯೋಗ ಅದನ್ನು ಪರಿಶೀಲಿಸಿತು.

ಇದರ ತಿರುಳು 'ವೆಟ್ಟಿಂಗ್'. ದೇಶದ ಸುಮಾರು 800 ಜಡ್ಜ್ ಮತ್ತು ಪ್ರಾಸಿಕ್ಯೂಟರ್‌ಗಳ ಆಸ್ತಿ, ಕ್ರಿಮಿನಲ್ ನಂಟು, ವೃತ್ತಿ ಸಾಮರ್ಥ್ಯ ಮೂರನ್ನೂ ಜಾಲಾಡುವುದು. ಫ್ಲ್ಯಾಟ್ ಕೊಳ್ಳೋಕೆ ದುಡ್ಡು ಎಲ್ಲಿಂದ ಬಂತು ಅಂತ ಜಡ್ಜೇ ಲೆಕ್ಕ ಕೊಡಬೇಕು. ಕೊಡಲಾಗದಿದ್ದರೆ ಕೆಲಸ ಹೋಯ್ತು. ಪಕ್ಕದಲ್ಲಿ ವಿದೇಶಿ ವೀಕ್ಷಕರು ಕೂತಿರುತ್ತಿದ್ದರು. ವಿಚಾರಣೆ ಮುಗಿಯುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ವಜಾ ಆಗಿದ್ದರು, ಇಲ್ಲವೇ ತಾವೇ ರಾಜೀನಾಮೆ ಬಿಸಾಕಿ ಹೋಗಿದ್ದರು.

ಕೇಳೋಕೆ ಮಜವಾಗಿದೆ, ಅಲ್ವಾ? ಆದರೆ ಓಡುತ್ತಿರುವ ಮೆಷಿನ್ನಿನ ಅರ್ಧ ಭಾಗ ಬಿಚ್ಚಿಟ್ಟು, ಬದಲಿ ಭಾಗ ಇನ್ನೂ ತಯಾರಾಗಬೇಕು ಅಂದರೆ ಏನಾಗುತ್ತೆ? ಒಂಬತ್ತು ಜಡ್ಜ್‌ಗಳಿರಬೇಕಾದ ಸಂವಿಧಾನ ನ್ಯಾಯಾಲಯದಲ್ಲಿ ಒಂದು ಹಂತದಲ್ಲಿ ಉಳಿದದ್ದು ಒಬ್ಬರೇ. ಸರ್ಕಾರದ ನಿರ್ಧಾರವನ್ನು ಪ್ರಶ್ನಿಸೋಕೆ ಕೋರ್ಟೇ ಇಲ್ಲದೆ ಎರಡು ವರ್ಷಕ್ಕೂ ಹೆಚ್ಚು ಕಾಲ ಕಳೆಯಿತು. ಕೆಳಗೆ ಕೇಸುಗಳು ರಾಶಿ ಬಿದ್ದವು. ಹೊಸಬರನ್ನು ತಯಾರು ಮಾಡುವ ಮ್ಯಾಜಿಸ್ಟ್ರೇಟ್ ಶಾಲೆಯ ಕೋರ್ಸೇ ಮೂರು ವರ್ಷದ್ದು. ಇಷ್ಟು ಸಿಂಪಲ್ ಲೆಕ್ಕ ಅಷ್ಟೊಂದು ತಜ್ಞರ ತಲೆಗೆ ಹೊಳೆಯಲಿಲ್ಲವೇ ಅನ್ನೋದು ನನ್ನ ತಕರಾರು.

ಹಾಗಂತ ಎಲ್ಲಾ ದಂಡ ಅನ್ನೋಕೂ ಆಗಲ್ಲ. ಇದೇ ಸುಧಾರಣೆಯಿಂದ ಹುಟ್ಟಿದ ಭ್ರಷ್ಟಾಚಾರ ವಿರೋಧಿ ಸಂಸ್ಥೆ 'ಸ್ಪಾಕ್'. ಅದರ ಕೇಸಿನಲ್ಲಿ ಮಾಜಿ ಪ್ರಧಾನಿ ಸಾಲಿ ಬೆರಿಶಾ 2023ರ ಕೊನೆಗೆ ಗೃಹಬಂಧನಕ್ಕೆ ಒಳಗಾದರು. ಮಾಜಿ ಅಧ್ಯಕ್ಷ ಇಲಿರ್ ಮೆಟಾ 2024ರ ಅಕ್ಟೋಬರ್‌ನಲ್ಲಿ ಬಂಧನವಾದರು. ಇವರಿಬ್ಬರೂ ವಿರೋಧ ಪಕ್ಷದವರು, ಸೇಡು ಅನ್ನಬಹುದಿತ್ತು. ಆದರೆ 2025ರ ಫೆಬ್ರವರಿಯಲ್ಲಿ ಬಂಧನವಾಗಿದ್ದು ಆಳುವ ಪಕ್ಷದ್ದೇ ನಾಯಕ, ತಿರಾನಾ ಮೇಯರ್ ಎರಿಯಾನ್ ವೆಲಿಯಾಯ್. ಮೂವರೂ ಆರೋಪ ಅಲ್ಲಗಳೆದಿದ್ದಾರೆ.

ಹೀಗೆ ದೊಡ್ಡವರ ಫೈಲ್‌ಗಳು ಓಡುತ್ತಿವೆ. ಜಮೀನಿನ ತಕರಾರು ಇಟ್ಟುಕೊಂಡ ಉತ್ತರದ ಶ್ಕೋಡ್ರದವರ ಪಾಡೇ ಬೇರೆ. ಜಡ್ಜ್‌ಗಳು ಸಾಲದೆ 2023ರಲ್ಲಿ ದೇಶದ ಸಾಮಾನ್ಯ ಮೇಲ್ಮನವಿ ಕೋರ್ಟ್‌ಗಳನ್ನೆಲ್ಲ ಸೇರಿಸಿ ತಿರಾನಾದಲ್ಲಿ ಒಂದೇ ಮಾಡಿದರು. ಅಪೀಲು ಹಾಕಬೇಕಂದರೆ ಅವರು ಈಗ ಅಲ್ಲಿಗೇ ಹೋಗಬೇಕು, ಸರದಿ ಬರೋವರೆಗೆ ವರ್ಷಗಟ್ಟಲೆ ಕಾಯಬೇಕು.