ಮನೆಯೇ ಗೂಢಚಾರರ ಅಡ್ಡಾ: ಮಕ್ಕಳ ಹುಟ್ಟುಹಬ್ಬಕ್ಕೊಂದು ಗುಪ್ತ ಕಾರ್ಯಾಚರಣೆ



ಮಗುವಿನ ಹುಟ್ಟುಹಬ್ಬ ಹತ್ತಿರ ಬಂತೆಂದರೆ ಮಹಾನಗರದ ಮನೆಗಳಲ್ಲಿ ಶುರುವಾಗುವ ಚಿಂತೆ ಒಂದೇ: ಈ ಸಲ ಏನು ಮಾಡೋಣ? ಹಾಲ್ ಬಾಡಿಗೆ, ಜಾದೂಗಾರ, ರಿಟರ್ನ್ ಗಿಫ್ಟ್ ಎಂದು ಖರ್ಚು ಬೆಳೆಯುತ್ತಲೇ ಹೋಗುತ್ತದೆ. ಮಕ್ಕಳಿಗೆ ಮಾತ್ರ ಸಂಜೆಯ ಹೊತ್ತಿಗೆ ಕೇಕ್ ಬಿಟ್ಟು ಬೇರೇನೂ ನೆನಪಿರುವುದಿಲ್ಲ. ಹಾಗಾಗಿ ಈ ಬಾರಿ ಎರಡು ಕೋಣೆಯ ಫ್ಲಾಟಿನಲ್ಲೇ, ಅಡುಗೆಮನೆಯ ಸಾಮಾನಿನಲ್ಲೇ ನಡೆಸಬಹುದಾದ ಗೂಢಚಾರರ ಪಾರ್ಟಿಯ ವಿವರ ಕೊಡುತ್ತಿದ್ದೇವೆ. ಏಳರಿಂದ ಹನ್ನೊಂದು ವರ್ಷದ ಎಂಟು ಹತ್ತು ಮಕ್ಕಳು, ಎರಡು ಗಂಟೆಯ ಸಮಯ, ಇಷ್ಟಿದ್ದರೆ ಸಾಕು.

ಇದರಲ್ಲಿ ನಮ್ಮವರಿಗೆ ಇನ್ನೊಂದು ಲಾಭವೂ ಉಂಟು. ಮುಂಬಯಿ, ಪುಣೆ, ಹೈದರಾಬಾದು, ದಿಲ್ಲಿಯಲ್ಲಿ ಬೆಳೆಯುವ ನಮ್ಮ ಎಷ್ಟೋ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಆದರೆ ಅಕ್ಷರ ಬಾರದು. ಕಲಿಸಲು ಕೂತರೆ "ನನ್ನ ಫ್ರೆಂಡ್ಸ್ ಯಾರಿಗೂ ಬರಲ್ಲ, ನನಗ್ಯಾಕೆ?" ಎನ್ನುತ್ತಾರೆ. ಗೂಢಚಾರನಿಗೆ ಬೇಕಾದದ್ದೂ ಅದೇ ತಾನೇ, ಬೇರೆಯವರಿಗೆ ಬಾರದ ಲಿಪಿ!

ಪ್ರಕರಣ ಏನು?

ಕಥೆ ಸರಳವಾಗಿರಲಿ. ಕೇಕಿನ ಮೇಣದಬತ್ತಿಗಳು ಕಾಣೆಯಾಗಿವೆ. ಹುಡುಕಿಕೊಟ್ಟರಷ್ಟೇ ಕೇಕ್ ಕತ್ತರಿಸುವುದು. ಬಂದ ಮಕ್ಕಳಿಗೆಲ್ಲ ಒಂದೊಂದು ಗುಪ್ತನಾಮ ಕೊಡಿ: ಗಿಡುಗ, ಮುಂಗುಸಿ, ಅಳಿಲು, ಮಿಂಚುಳ್ಳಿ, ಜೀರುಂಡೆ. ಎರಡು ತಂಡ ಮಾಡಿ, ಪ್ರತಿ ತಂಡದಲ್ಲೂ ಕನ್ನಡ ಬಲ್ಲ ಒಂದು ಮಗುವಾದರೂ ಇರಲಿ. ಅಣ್ಣ, ಅಕ್ಕ, ಕಸಿನ್ ಯಾರಾದರೂ ಸರಿ.

ಬೆರಳಚ್ಚಿನ ಗುರುತುಚೀಟಿ

ಮೊದಲ ಕೆಲಸ ಗುರುತುಚೀಟಿ. ಕಾಗದದ ಮೇಲೆ ಪೆನ್ಸಿಲ್ಲಿನ ಸೀಸವನ್ನು ಚೆನ್ನಾಗಿ ಉಜ್ಜಿ, ಅದರ ಮೇಲೆ ಬೆರಳು ಒತ್ತಿ, ಬೆರಳಿಗೆ ಸೆಲೋಟೇಪ್ ಅಂಟಿಸಿ ತೆಗೆದು ಬಿಳಿಯ ಚೀಟಿಗೆ ಅಂಟಿಸಿದರೆ ಗೆರೆಗಳು ಸ್ಪಷ್ಟವಾಗಿ ಮೂಡುತ್ತವೆ. ಕಮಾನು, ಕುಣಿಕೆ, ಸುಳಿ, ಈ ಮೂರರಲ್ಲಿ ಯಾರದು ಯಾವುದು ಎಂದು ಮಕ್ಕಳೇ ನೋಡಿಕೊಳ್ಳಲಿ. ಜಗತ್ತಿನ ಮೊದಲ ಬೆರಳಚ್ಚು ಕಚೇರಿ ಶುರುವಾದದ್ದು 1897ರಲ್ಲಿ, ನಮ್ಮ ಕೋಲ್ಕತ್ತಾದಲ್ಲಿ. ಅಚ್ಚುಗಳನ್ನು ವಿಂಗಡಿಸುವ ಕ್ರಮಕ್ಕೆ ಇಂಗ್ಲಿಷ್ ಅಧಿಕಾರಿ ಹೆನ್ರಿಯ ಹೆಸರು ಬಂದರೂ ಅದರ ಹಿಂದೆ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಮಕ್ಕಳಿಗೆ ಹೇಳಿ, ಕಣ್ಣರಳಿಸುತ್ತಾರೆ.

ಆರತಿ ತಟ್ಟೆಯ ರಸಾಯನಶಾಸ್ತ್ರ

ಆರತಿಗೆ ಅರಿಶಿನದ ನೀರು ಕಲಸಿ ಸುಣ್ಣ ಬೆರೆಸಿದ ಕೂಡಲೇ ಕೆಂಪಾಗುತ್ತದಲ್ಲ, ಗುಪ್ತಶಾಯಿಯ ಗುಟ್ಟೂ ಅದೇ. ಅರಿಶಿನದ ಬಣ್ಣ ಕ್ಷಾರ ತಗುಲಿದರೆ ಕೆಂಪಿಗೆ ತಿರುಗುತ್ತದೆ. ಮಕ್ಕಳ ಕೈಗೆ ಸುಣ್ಣ ಬೇಡ, ಕಣ್ಣಿಗೆ ಅಪಾಯ. ನಾಲ್ಕು ಚಮಚ ನೀರಿಗೆ ಅರ್ಧ ಚಮಚ ಅಡುಗೆ ಸೋಡಾ ಕರಗಿಸಿ, ಹತ್ತಿಯ ಕಡ್ಡಿಯಿಂದ ಬಿಳಿ ಕಾಗದದ ಮೇಲೆ ಸಂದೇಶ ಬರೆದು ಹಿಂದಿನ ದಿನವೇ ಒಣಗಿಸಿಡಿ. ಪಾರ್ಟಿಯಲ್ಲಿ ಮಕ್ಕಳು ಅದರ ಮೇಲೆ ಅರಿಶಿನದ ನೀರು ಸವರಿದರೆ ಅಕ್ಷರ ಕೆಂಪಗೆ ಎದ್ದು ಬರುತ್ತದೆ. ಬಣ್ಣ ಮಂದ ಎನಿಸಿದರೆ ಸೋಡಾ ಬದಲು ಬಟ್ಟೆ ಸೋಪಿನ ನೀರು ಬಳಸಿ. ನಿಂಬೆರಸದಲ್ಲಿ ಬರೆದು ಕಾಯಿಸುವ ವಿಧಾನವೂ ಉಂಟು, ಆದರೆ ಇಸ್ತ್ರಿಪೆಟ್ಟಿಗೆ ದೊಡ್ಡವರ ಕೈಯಲ್ಲೇ ಇರಲಿ.

ವರ್ಣಮಾಲೆಯೇ ಬೀಗದ ಕೈ

ಈಗ ಮುಖ್ಯ ಭಾಗ. ಕೆಂಪಗೆ ಮೂಡುವ ಸಂದೇಶ ಅಂಕಿಗಳಲ್ಲಿರಲಿ: 11-43.

ನಮ್ಮ ವರ್ಗೀಯ ವ್ಯಂಜನಗಳು ಐದು ಸಾಲು, ಐದು ಕಂಬ, ಒಟ್ಟು 25. ಕ ಸಾಲು 1, ಚ 2, ಟ 3, ತ 4, ಪ 5. ಮೊದಲ ಅಂಕಿ ಸಾಲು, ಎರಡನೆಯದು ಆ ಸಾಲಿನಲ್ಲಿ ಎಷ್ಟನೆಯ ಅಕ್ಷರ ಎಂಬುದು. 11 ಎಂದರೆ ಕ, 43 ಎಂದರೆ ದ. ಉತ್ತರ "ಕದ". ಯ ರ ಲ ವ ಶ ಷ ಸ ಹ ಳ ಆರನೆಯ ಸಾಲು, 61ರಿಂದ 69. ಗುಣಿತ ಬೇಕಾದರೆ ಅಂಕಿಯ ಪಕ್ಕ ಸ್ವರ ಬರೆಯಿರಿ: 21ಆ-51ಎ ಎಂದರೆ "ಚಾಪೆ".

ಸ್ವಾರಸ್ಯ ಇರುವುದು ಇಲ್ಲಿ. ಮರಾಠಿ, ಹಿಂದಿ, ತೆಲುಗು ವರ್ಣಮಾಲೆಗಳಲ್ಲೂ ಈ 25ರ ಕ್ರಮ ಇದೇ. ಪಕ್ಕದ ಮನೆಯ ಮರಾಠಿ ಹುಡುಗ ತನ್ನ ಲಿಪಿಯಲ್ಲೇ ಲೆಕ್ಕ ಹಾಕಿ "ಕ-ದ" ಎನ್ನುತ್ತಾನೆ. ಆದರೆ ಕದ ಎಂದರೇನು? ಅದನ್ನು ಹೇಳಬೇಕಾದವರು ನಿಮ್ಮ ಮಗು! ಯಾರಿಗೂ ಬೇಡವೆನಿಸಿದ್ದ ಭಾಷೆ ಆ ಕ್ಷಣಕ್ಕೆ ಇಡೀ ತಂಡದ ಬೀಗದ ಕೈ ಆಗುತ್ತದೆ. ಚೆನ್ನೈಯವರಿಗೆ ಒಂದು ಸೂಚನೆ: ತಮಿಳಿನಲ್ಲಿ ಒಂದೊಂದು ವರ್ಗಕ್ಕೆ ಎರಡೇ ಅಕ್ಷರ. ಅಲ್ಲಿ ಕನ್ನಡದ ಪಟ್ಟಿ ಬರೆದು ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಉಚ್ಚಾರಣೆ ಕೊಟ್ಟರಾಯಿತು.

ಗೆಜ್ಜೆ ಕಾವಲು

ಕದದ ಹಿಂದೆ ಎರಡನೆಯ ಲಕೋಟೆ. ಅದರಲ್ಲಿ "ಸದ್ದಿಲ್ಲದೆ ಓಣಿ ದಾಟಿ" ಎಂಬ ಆಜ್ಞೆ. ಕೋಣೆಗಳ ನಡುವಿನ ಓಣಿಯಲ್ಲಿ ಉಲ್ಲನ್ ದಾರ ಅಡ್ಡಡ್ಡ ಕಟ್ಟಿ, ದಾರಕ್ಕೆ ಗೆಜ್ಜೆ ಪೋಣಿಸಿ. ಗೆಜ್ಜೆ ಘಲ್ ಎಂದರೆ ಮತ್ತೆ ಮೊದಲಿಂದ. ದಾರವನ್ನು ಮೊಣಕಾಲಿಗಿಂತ ಎತ್ತರಕ್ಕೆ ಕಟ್ಟಬೇಡಿ, ಟೇಪಿನಿಂದ ಸಡಿಲವಾಗಿ ಅಂಟಿಸಿ. ಕಾಲಿಗೆ ಸಿಕ್ಕರೆ ಕಿತ್ತು ಬರಬೇಕು. ಆಚೆ ತುದಿಯಲ್ಲಿ ಕೊನೆಯ ಚೀಟಿ: 21ಆ-51ಎ. ಚಾಪೆಯ ಕೆಳಗೆ ಮೇಣದಬತ್ತಿ!

ಮಧ್ಯೆ ಸಮಯ ಉಳಿದರೆ ತಟ್ಟೆಯಾಟ ಆಡಿಸಿ. ಲವಂಗ, ಏಲಕ್ಕಿ, ಬೀಗದ ಕೈ, ಗುಂಡಿ ಹೀಗೆ ಹದಿನೈದು ವಸ್ತು ತಟ್ಟೆಯಲ್ಲಿಟ್ಟು ಒಂದು ನಿಮಿಷ ತೋರಿಸಿ, ಮುಚ್ಚಿ, ನೆನಪಿದ್ದಷ್ಟು ಬರೆಸಿ. ಕಿಪ್ಲಿಂಗನ 1901ರ ಕಾದಂಬರಿ "ಕಿಮ್"ನಲ್ಲಿ ಶಿಮ್ಲಾದ ಅಂಗಡಿಯೊಂದರಲ್ಲಿ ಬಾಲಕನಿಗೆ ಬೇಹುಗಾರಿಕೆ ಕಲಿಸುವುದು ಇದೇ ಆಟದಿಂದ.

ತಿಂಡಿಯ ಹೊತ್ತಿಗೊಂದು ಕಥೆ

ಚಕ್ಕುಲಿ, ಕೋಡುಬಳೆ ಕೈಗಿತ್ತು ನೂರ್ ಇನಾಯತ್ ಖಾನ್ ಕಥೆ ಹೇಳಿ. ಮೈಸೂರಿನ ಟಿಪ್ಪು ಸುಲ್ತಾನನ ವಂಶದವಳು. 1939ರಲ್ಲಿ ಮಕ್ಕಳಿಗಾಗಿ ಜಾತಕ ಕಥೆಗಳ ಪುಸ್ತಕ ಬರೆದವಳು. 1943ರಲ್ಲಿ ಬ್ರಿಟನ್ನಿನಿಂದ ನಾಜಿಗಳ ವಶದಲ್ಲಿದ್ದ ಫ್ರಾನ್ಸಿಗೆ ಹೋಗಿ, ಪ್ಯಾರಿಸಿನಲ್ಲಿ ಅಡಗಿ ರೇಡಿಯೋದಲ್ಲಿ ಗುಪ್ತ ಸಂದೇಶ ಕಳಿಸುತ್ತಿದ್ದಳು. ಸಿಕ್ಕಿಬಿದ್ದ ಮೇಲೂ ಬಾಯಿ ಬಿಡಲಿಲ್ಲ. 1944ರ ಸೆಪ್ಟೆಂಬರಿನಲ್ಲಿ ಡಾಖಾವ್ ಶಿಬಿರದಲ್ಲಿ ಅವಳನ್ನು ಕೊಂದರು. ಗೂಢಚಾರ ಎಂದರೆ ಬರೀ ಕಪ್ಪು ಕನ್ನಡಕ, ಪಿಸ್ತೂಲು ಅಲ್ಲ ಎಂಬುದು ಮಕ್ಕಳಿಗೂ ತಿಳಿಯಲಿ. ಆಟಿಕೆ ಪಿಸ್ತೂಲಿನ ಅಗತ್ಯವೇ ಈ ಪಾರ್ಟಿಗಿಲ್ಲ.

ಮರೆಯಬಾರದ ಎರಡು ಮಾತು

ಒಂದು, ಆಟ ಮನೆಯೊಳಗೇ ನಡೆಯಲಿ. ಲಿಫ್ಟ್, ತಾರಸಿ, ಗೇಟಿನಾಚೆ ಸುಳಿವು ಬಚ್ಚಿಡಬೇಡಿ. ಚೀಟಿ ಕೊಡುವವರು ಮನೆಯವರೇ ಎಂದು ಮೊದಲೇ ಹೇಳಿಬಿಡಿ.

ಎರಡು, ಗುಟ್ಟಿನ ಆಟ ಆಡಿಸಿದ ಮೇಲೆ ಗುಟ್ಟಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಕೇಕ್ ಹಂಚುವಾಗ ಸಹಜವಾಗಿ ಹೇಳಿ: "ಆಟದ ಗುಟ್ಟು ಕೊನೆಗೆ ಎಲ್ಲರಿಗೂ ಗೊತ್ತಾಗುತ್ತೆ, ಎಲ್ಲರೂ ನಗ್ತಾರೆ. ಆದರೆ ಯಾರಾದರೂ 'ಅಮ್ಮನಿಗೆ ಹೇಳಬೇಡ' ಅಂದರೆ, ನಿನಗೆ ಅದರಿಂದ ಭಯ ಆದರೆ, ಅದು ಆಟ ಅಲ್ಲ. ಅದನ್ನ ತಕ್ಷಣ ಬಂದು ಹೇಳು." ಇದನ್ನು ಉಪದೇಶದ ಹಾಗೆ ಕೂರಿಸಿ ಹೇಳಿದರೆ ಮಕ್ಕಳು ಕೇಳುವುದಿಲ್ಲ, ಗೂಢಚಾರರ ನಿಯಮ ಎಂದರೆ ಮನಸ್ಸಿನಲ್ಲಿ ಉಳಿಯುತ್ತದೆ.

ರಿಟರ್ನ್ ಗಿಫ್ಟಿಗೆ ಅಂಗಡಿಗೆ ಓಡಬೇಡಿ. ಬೆರಳಚ್ಚಿನ ಗುರುತುಚೀಟಿ, ಅದರ ಹಿಂದೆ ಅಂಕಿಗಳ ಪಟ್ಟಿ, ಇಷ್ಟು ಸಾಕು. ಮಾರನೆಯ ದಿನ ಶಾಲೆಯ ಬಸ್ಸಿನಲ್ಲಿ ಮಕ್ಕಳು 11, 43 ಎಂದು ಪಿಸುಗುಟ್ಟಿದರೆ, ಕ ಖ ಗ ಘ ಕಲಿಕೆ ಶುರುವಾಯಿತೆಂದೇ ತಿಳಿಯಿರಿ. ನಿಮ್ಮ ಮನೆಯ ಕಾರ್ಯಾಚರಣೆ ಹೇಗೆ ನಡೆಯಿತೆಂದು ನಮಗೂ ಬರೆಯಿರಿ. ಅಂಕಿಗಳಲ್ಲಿ ಬರೆದರೂ ಸರಿ, ಬಿಡಿಸಿ ಓದುತ್ತೇವೆ!