ಕಲ್ಲಿನ ಮೇಲೆ ಕೆಲಸಗಾರನ ಹೆಸರು

ಬೇಲೂರು: ಪೇಟೆ ಬೀದಿಯಲ್ಲಿ ಯಾವ ಸಾಹುಕಾರರನ್ನು ಮಾತಾಡಿಸಿದರೂ ಒಂದೇ ದೂರು. ‘ಕೆಲಸಕ್ಕೆ ಹುಡುಗರು ಸಿಗೋದಿಲ್ಲ ಸ್ವಾಮಿ, ಸಿಕ್ಕರೂ ನಿಲ್ಲೋದಿಲ್ಲ.’ ಲೆಕ್ಕ, ತೂಕ ಕಲಿಸಿ ಕೈ ಪಳಗುವ ಹೊತ್ತಿಗೆ ಹುಡುಗ ಬೆಂಗಳೂರು ಬಸ್ಸು ಹತ್ತಿರುತ್ತಾನೆ. ದೊಡ್ಡ ಕಂಪನಿಗಳಲ್ಲಿ ಇದಕ್ಕೆಂದೇ ‘ಮಾನವ ಸಂಪನ್ಮೂಲ ವಿಭಾಗ’ ಅಂತ ಬೋರ್ಡು ಹಾಕಿ ಸಂಬಳ ಕೊಟ್ಟು ಜನರನ್ನು ಕೂರಿಸಿದ್ದಾರೆ. ಯಾರನ್ನು ಎಲ್ಲಿಂದ ತರಬೇಕು, ಏನು ಕಲಿಸಬೇಕು, ಹೇಗೆ ಉಳಿಸಿಕೊಳ್ಳಬೇಕು ಅನ್ನೋದೇ ಅವರ ಕೆಲಸ.

ಈ ತಲೆನೋವು ಬೇಲೂರಿಗೆ ಹೊಸದೇನಲ್ಲ. 1117ರಲ್ಲಿ ವಿಷ್ಣುವರ್ಧನ ಮಹಾರಾಜ ಇಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದಾಗ ಊರಿನ ಕೈಗಳನ್ನಷ್ಟೇ ನಂಬಿ ಕೂರಲಿಲ್ಲ. ದೊಡ್ಡ ದೇಗುಲ ಕಟ್ಟಿ ಪಳಗಿದ ರೂವಾರಿಗಳು ಚಾಲುಕ್ಯ ಸೀಮೆಯಲ್ಲಿದ್ದರು. ಶಿಕಾರಿಪುರದ ಕಡೆಯ ಬಳ್ಳಿಗಾವೆಯಿಂದ ದಾಸೋಜ ಬಂದ. ಗದಗಿನಿಂದ ನಾಗೋಜ ಬಂದ. ಬಸ್ಸಿಲ್ಲದ ಕಾಲ, ಎತ್ತಿನ ಗಾಡಿಯ ದಾರಿ!

ದಾಸೋಜ ಒಬ್ಬನೇ ಬರಲಿಲ್ಲ, ಮಗ ಚಾವಣನೂ ಜೊತೆಗಿದ್ದ. ಗುಡಿಯ ಮದನಿಕೆಯರು 42, ಅವುಗಳಲ್ಲಿ ಹೊರಗೆ 38, ಒಳಗೆ 4. ಅಪ್ಪನದು ನಾಲ್ಕು, ಮಗನದು ಐದು ಎಂದು ಸಹಿಗಳನ್ನು ಓದಿದವರು ಎಣಿಸಿದ್ದಾರೆ. ಅಪ್ಪನಿಗಿಂತ ಮಗನದೇ ಒಂದು ಜಾಸ್ತಿ! ತರಬೇತಿ ಕೇಂದ್ರ, ಸರ್ಟಿಫಿಕೇಟು ಏನೂ ಇಲ್ಲದ ಕಾಲದಲ್ಲಿ ಅಪ್ಪನ ಪಕ್ಕದಲ್ಲಿ ಉಳಿ ಹಿಡಿದು ಕೂರುವುದೇ ಕಲಿಕೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತೆ, ಗಾಳಿಗೆ ಗಟ್ಟಿಯಾಗುತ್ತೆ. ಹೊಸಬರ ಕೈಗೂ ಅದು ಒಗ್ಗುತ್ತಿತ್ತೇನೋ.

ಇನ್ನು ಉಳಿಸಿಕೊಳ್ಳುವ ಮಾತು. ಅಂದು ಯಾರಿಗೆಷ್ಟು ಕೂಲಿ ಸಿಕ್ಕಿತೆಂಬ ಲೆಕ್ಕ ಬೇರೆ. ಆದರೆ ವಿಗ್ರಹದ ಪೀಠದ ಮೇಲೆ ತನ್ನ ಹೆಸರು, ಊರು, ಅಪ್ಪನ ಹೆಸರು, ಬಿರುದು ಕೊರೆಯಲು ರೂವಾರಿಗೆ ಅವಕಾಶವಿತ್ತು. ರಾಜನ ಗುಡಿಯಲ್ಲಿ, ದೇವರ ಗೋಡೆಯ ಮೇಲೆ! ಇದೇನು ಸಣ್ಣ ಮಾತೇ? ಸುಮಾರು 150 ವರ್ಷ ಕಳೆದು 1268ರ ಸೋಮನಾಥಪುರಕ್ಕೆ ಬಂದರೂ ಈ ಪದ್ಧತಿ ನಿಂತಿರಲಿಲ್ಲ. ಅಲ್ಲಿ ಮಲ್ಲಿತಮ್ಮನೆಂಬ ಒಬ್ಬನ ಸಹಿಯೇ ಹತ್ತಾರು ಕಡೆ ಇದೆ. ಕಥೆಗಳಲ್ಲಿ ಬರುವ ಜಕಣಾಚಾರಿಯನ್ನು ಊರೆಲ್ಲ ಬಲ್ಲದು. ಪೀಠದ ಮೇಲೆ ಅಕ್ಷರವಾಗಿ ಉಳಿದ ಚಾವಣನನ್ನು ಎಷ್ಟು ಜನ ಬಲ್ಲರು?

ಹಾಗೆಂದು ಎಲ್ಲವೂ ಚಿನ್ನವಾಗಿತ್ತು ಅಂತಲ್ಲ. ಬಂಡೆ ಸೀಳಿದವರು, ಗಾಡಿ ಹೊಡೆದವರು, ಮಣ್ಣು ಹೊತ್ತ ಹೆಂಗಸರು, ಅಡುಗೆ ಬೇಯಿಸಿದವರು, ಇವರ ಸಹಿ ಯಾವ ಪೀಠದಲ್ಲೂ ಕಾಣದು. ಗೌರವ ಉಳಿ ಹಿಡಿದವನಿಗೆ ಸಿಕ್ಕಿತು, ಕಲ್ಲು ಹೊತ್ತವನಿಗೆ ಸಿಗಲಿಲ್ಲ. ಈ ಒಂದು ವಿಷಯದಲ್ಲಿ ಅಂದಿಗೂ ಇಂದಿಗೂ ಬಹಳ ದೂರವೇನಿಲ್ಲ. ಇಂದು ಹೊರಗುತ್ತಿಗೆಯಲ್ಲಿ ದುಡಿಯುವ ಎಷ್ಟೋ ಮಂದಿ ಕೆಲಸ ಮಾಡುವುದು ಒಂದು ಕಡೆ, ಅವರ ಹೆಸರಿರುವುದು ಯಾರೋ ಗುತ್ತಿಗೆದಾರರ ಪಟ್ಟಿಯಲ್ಲಿ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿ ಸೇರಿದವು. ಬರುವ ಯಾತ್ರಿಕರಿಗೆ ಊಟ ಬಡಿಸಲು, ಕೊಠಡಿ ಗುಡಿಸಲು, ದಾರಿ ತೋರಿಸಲು ಜನ ಬೇಕು. ಹುಡುಗರು ನಿಲ್ಲೋದಿಲ್ಲ ಅನ್ನುವ ಸಾಹುಕಾರರ ಅಂಗಡಿಯಲ್ಲಿ ಅವನನ್ನು ಕರೆಯುವುದು ಈಗಲೂ ‘ಏಯ್ ಹುಡುಗ’ ಅಂತಲೇ.

ಹಾಸನದ ಬಸ್ಸು ತಡವಾದರೆ ಒಂದು ಗಳಿಗೆ ಗುಡಿಗೆ ಹೋಗಿ ಬರಬಹುದು. ಮದನಿಕೆಯ ಮುಖ ಎಲ್ಲರೂ ನೋಡುತ್ತಾರೆ. ಅವಳ ಪಾದದ ಕೆಳಗೆ ಕಣ್ಣು ಹಾಯಿಸಿದರೆ ಹಳೆಗನ್ನಡದ ಸಣ್ಣ ಅಕ್ಷರಗಳು ಕಾಣುತ್ತವೆ.